ಅರವತ್ತು ಕಿಲೋದ ಬಾಕ್ಸರ್

ನಮ್ಮ ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಹೋದರೆ, ಭೀಮಸೇನ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂದು ಊರವರು ಬೆಟ್ಟ ತೋರಿಸಿ ಹೇಳುತ್ತಾರೆ. ಬಂಡಿಗಟ್ಟಲೆ ಅನ್ನ ಉಣ್ಣುವ ಇಬ್ಬರ ನಡುವೆ ನಡೆದ ಕಾಳಗ ಅದು. ನಮ್ಮ ಸೀಮೆಯ ಗರಡಿಮನೆಗಳಲ್ಲೂ ಜನ ಬಹಳ ಕಾಲ ಅದೇ ಅಳತೆ ಹಿಡಿದರು. ಪೈಲ್ವಾನ ಎಂದರೆ ಮೈಕೈ ತುಂಬಿಕೊಂಡಿರಬೇಕು, ತೊಡೆ ತಟ್ಟಿದರೆ ಕೆರೆ ಏರಿಯ ಆಚೆಗೆ ಕೇಳಿಸಬೇಕು. ನರಪೇತಲ ಹುಡುಗನೊಬ್ಬ ಬಾಗಿಲಲ್ಲಿ ಇಣುಕಿದರೆ, "ಇನ್ನೆರಡು ಮುದ್ದೆ ಜಾಸ್ತಿ ಉಂಡು ಬಾರೋ" ಎಂದು ಕಳಿಸಿಬಿಡುವುದೇ ವಾಡಿಕೆ.

ಆ ನರಪೇತಲ ಹುಡುಗನಿಗೂ ಜಾಗ ಕೊಡುವ ಆಟದ ಬಗ್ಗೆ ನಾನಿವತ್ತು ಮಾತಾಡುತ್ತೇನೆ. ಬಾಕ್ಸಿಂಗ್‌ನಲ್ಲಿ ಲೈಟ್‌ವೆಯ್ಟ್ ಎಂಬ ವಿಭಾಗವಿದೆ. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಬಹುಕಾಲ ಅದರ ಮಿತಿ 60 ಕಿಲೋ. ವೃತ್ತಿಪರ ಬಾಕ್ಸಿಂಗ್‌ನಲ್ಲಿ 135 ಪೌಂಡ್, ಅಂದರೆ 61 ಕಿಲೋ ಮೇಲೆ ಚೂರು. ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಕಾಲೇಜು ಬಿಟ್ಟು ಬಸ್ಸಿಗೆ ಕಾಯುತ್ತ ನಿಂತ ಹುಡುಗರನ್ನು ಸಾಲಾಗಿ ತೂಕಕ್ಕೆ ನಿಲ್ಲಿಸಿದರೆ, ಅರ್ಧಕ್ಕರ್ಧ ಜನ ಈ ಮಿತಿಯ ಆಸುಪಾಸಿನಲ್ಲೇ ಸಿಕ್ಕಾರು. ಎದುರಾಳಿಯೂ ಅಷ್ಟೇ ತೂಕದವನು. ಹೀಗಾಗಿ ಮೈ ಗಾತ್ರದ ಮಾತು ಅಲ್ಲಿಗೆ ಮುಗಿಯುತ್ತದೆ. ಉಳಿಯುವುದು ಕಾಲಿನ ಚುರುಕು, ಕಣ್ಣಿನ ಎಚ್ಚರ, ಉಸಿರು.

ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಬಾಕ್ಸಿಂಗ್‌ನ ಮೊದಲ ಚಿನ್ನ ತಂದವರು ದೊಡ್ಡ ಮೈಯವರಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. 1962ರಲ್ಲಿ ಜಕಾರ್ತಾದಲ್ಲಿ ಆ ಚಿನ್ನ ಗೆದ್ದವರು ಪದಮ್ ಬಹಾದುರ್ ಮಲ್. ಸೇನೆಯ ಯೋಧ, ಲೈಟ್‌ವೆಯ್ಟ್. ಆ ಕೂಟದ ಅತ್ಯುತ್ತಮ ಬಾಕ್ಸರ್ ಎಂಬ ಗೌರವವೂ ಅವರಿಗೇ ಬಂತು. ಅದೇ ವರ್ಷದ ಅರ್ಜುನ ಪ್ರಶಸ್ತಿಯೂ ಅವರದಾಯಿತು. ನಮ್ಮ ಕೊಡಗಿನ ಸಿ. ಸಿ. ಮಾಚಯ್ಯನವರು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಲೈಟ್ ವೆಲ್ಟರ್‌ವೆಯ್ಟ್ ವಿಭಾಗದಲ್ಲಿ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದವರು, ಮುಂದೆ ಅರ್ಜುನ ಪ್ರಶಸ್ತಿ ಪಡೆದವರು. ಇವರೆಲ್ಲ ಹವ್ಯಾಸಿಗಳಾಗಿಯೇ ಉಳಿದರು. ಆ ಕಾಲಕ್ಕೆ ಬೇರೆ ದಾರಿ ಕಾಣುತ್ತಲೂ ಇರಲಿಲ್ಲ.

ಈಗಿನ ಹುಡುಗರಿಗೆ ಬೇರೆ ದಾರಿ ಫೋನಿನಲ್ಲೇ ಕಾಣುತ್ತದೆ. ಶಿಡ್ಲಘಟ್ಟದ ಕಡೆಯ ಹುಡುಗನೊಬ್ಬ, ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸ, ನನ್ನನ್ನು ಕೇಳಿದ: "ಸಾರ್, ಈ ತಾಲ್ಲೂಕು, ಡಿಸ್ಟ್ರಿಕ್ಟು, ಸ್ಟೇಟು ಎಲ್ಲಾ ಬಿಟ್ಟು ಸೀದಾ ಪ್ರೊ ಆಗಕ್ಕಾಗಲ್ವಾ?" ಪಕ್ಕದಲ್ಲಿ ನಿಂತಿದ್ದ ಅವನ ತಾಯಿಯ ಚಿಂತೆಯೇ ಬೇರೆ. "ಮೂಗು ಮುರ್ಕೊಂಡು ಬಂದ್ರೆ ನಾಳೆ ಇವನಿಗೆ ಹೆಣ್ಣು ಯಾರು ಕೊಡ್ತಾರೆ ಮೇಷ್ಟ್ರೇ? ನೀವಾದ್ರೂ ಬುದ್ಧಿ ಹೇಳಿ." ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಹುಡುಗನಿಗೆ ನಾನು ಕೊಟ್ಟ ಉತ್ತರ, ಆಗಲ್ಲಪ್ಪ ಎಂದು. ಯಾಕೆ ಆಗುವುದಿಲ್ಲ ಎಂಬುದನ್ನು ನಿಮಗೂ ಹೇಳುತ್ತೇನೆ.

ಬಾಕ್ಸಿಂಗ್ ಕಲಿಯಲು ಬಂದ ಹುಡುಗನಿಗೆ ಮೊದಲ ವಾರ ಗುದ್ದುವುದನ್ನು ಕಲಿಸುವುದಿಲ್ಲ. ಕೈಗೆ ಪಟ್ಟಿ ಸುತ್ತಿಕೊಳ್ಳುವುದನ್ನು ಕಲಿಸುತ್ತಾರೆ. ನಾಲ್ಕೂವರೆ ಮೀಟರ್ ಉದ್ದದ ಬಟ್ಟೆಪಟ್ಟಿ ಅದು. ತುದಿಯ ಕುಣಿಕೆಗೆ ಹೆಬ್ಬೆರಳು ಸಿಕ್ಕಿಸಿ, ಅಂಗೈ ಹಿಂಬದಿಯಿಂದ ತಂದು ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಆಮೇಲೆ ಬೆರಳ ಸಂದಿಗಳಲ್ಲಿ ಒಂದೊಂದಾಗಿ ಹಾಯಿಸಿ, ಹೆಬ್ಬೆರಳನ್ನು ಬಳಸಿ, ಮತ್ತೆ ಮಣಿಕಟ್ಟಿಗೆ ತಂದು ಮುಗಿಸಬೇಕು. ಮುಷ್ಟಿ ಹಿಡಿದರೆ ಪಟ್ಟಿ ಬಿಗಿಯಬೇಕು, ಕೈ ಬಿಚ್ಚಿದರೆ ಬೆರಳಿಗೆ ರಕ್ತ ಹರಿಯಬೇಕು. ಕೈಯಲ್ಲಿರುವುದು ಸಣ್ಣ ಸಣ್ಣ ಇಪ್ಪತ್ತೇಳು ಮೂಳೆ. ಇನ್ನೊಬ್ಬರ ತಲೆ ಅವೆಲ್ಲಕ್ಕಿಂತ ಗಟ್ಟಿ. ಪಟ್ಟಿ ಸಡಿಲವಾಗಿದ್ದರೆ ಮುರಿಯುವುದು ಗುದ್ದಿದವನ ಕೈಯೇ. ಹತ್ತು ಸಲ ಬಿಚ್ಚಿಸಿ ಹತ್ತು ಸಲ ಸುತ್ತಿಸುವ ಉಸ್ತಾದರ ಮೇಲೆ ಹುಡುಗರಿಗೆ ಸಿಟ್ಟು ಬರುತ್ತದೆ. ಮೊದಲು ಕಾಲಿಡುವ ರೀತಿ, ಆಮೇಲೆ ಗಲ್ಲ ತಗ್ಗಿಸಿ ಕೈ ಮೇಲೆತ್ತಿ ನಿಲ್ಲುವ ರೀತಿ, ಆಮೇಲೆ ಎಡಗೈಯ ನೇರ ಗುದ್ದು, ಅಂದರೆ ಜ್ಯಾಬ್. ತಿಂಗಳುಗಟ್ಟಲೆ ಇಷ್ಟೇ. ಈ ತಾಳ್ಮೆ ಇಲ್ಲದವರು ವರ್ಷದೊಳಗೆ ಬಿಟ್ಟು ಹೋಗುತ್ತಾರೆ, ಹೋಗುವುದೇ ಒಳ್ಳೆಯದು.

ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಮೂರು ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು. ಅಂಕ ಕೊಡಲು ಐದು ಜನ ಜಡ್ಜ್‌ಗಳು. ಮೈಮೇಲೆ ಬನಿಯನ್ನು. ಕಿರಿಯರ ತಲೆಗೆ ಕಾಪು. ದೊಡ್ಡ ಗಂಡಸರ ಪಂದ್ಯಗಳಲ್ಲಿ ಮಾತ್ರ 2013ರಿಂದ ತಲೆಗಾಪು ತೆಗೆದರು. ವೃತ್ತಿಪರ ಗಂಡಸರಿಗೆ ಬನಿಯನ್ನೂ ಇಲ್ಲ, ತಲೆಗಾಪೂ ಇಲ್ಲ. ಲೈಟ್‌ವೆಯ್ಟ್ ಬಾಕ್ಸರ್ ತೊಡುವ ಗ್ಲೌಸ್ ಎಂಟು ಔನ್ಸಿನದು, ಹವ್ಯಾಸಿಗಳದಕ್ಕಿಂತ ತೆಳು. ನಾಲ್ಕು ಸುತ್ತಿನಿಂದ ಶುರುವಾಗಿ ಪಟ್ಟದ ಪಂದ್ಯಕ್ಕೆ ಬಂದಾಗ ಹನ್ನೆರಡು ಸುತ್ತು, ಅಂದರೆ ಮೂವತ್ತಾರು ನಿಮಿಷ. ಒಂಬತ್ತು ನಿಮಿಷದ ಆಟಕ್ಕೂ ಮೂವತ್ತಾರು ನಿಮಿಷದ ಆಟಕ್ಕೂ ಉಸಿರಿನ ಲೆಕ್ಕವೇ ಬೇರೆ, ಪೆಟ್ಟಿನ ಲೆಕ್ಕವೂ ಬೇರೆ.

ಕರ್ನಾಟಕದ ಬನಿಯನ್ ತೊಟ್ಟು ಈ ಎರಡೂ ದಡ ಕಂಡವರು ಒಬ್ಬರಿದ್ದಾರೆ: ನಿಶಾಂತ್ ದೇವ್. ಹುಟ್ಟಿದ್ದು ಹರಿಯಾಣದ ಕರ್ನಾಲ್‌ನಲ್ಲಿ, 2000ದ ಡಿಸೆಂಬರ್‌ನಲ್ಲಿ. ರಾಷ್ಟ್ರೀಯ ಪಂದ್ಯಗಳಲ್ಲಿ ಆಡಿದ್ದು ನಮ್ಮ ರಾಜ್ಯದ ಪರವಾಗಿ. ತೂಕ 71 ಕಿಲೋ, ಲೈಟ್‌ವೆಯ್ಟ್‌ಗಿಂತ ಹನ್ನೊಂದು ಕಿಲೋ ಹೆಚ್ಚು. ಆದರೂ ನನ್ನ ಹುಡುಗನ ಪ್ರಶ್ನೆಗೆ ಇವರ ಬದುಕಿನಷ್ಟು ನೇರ ಉತ್ತರ ಇನ್ನೊಂದಿಲ್ಲ.

ಹತ್ತು ವರ್ಷದ ಬಾಲಕನಾಗಿದ್ದಾಗ ಮೆಟ್ಟಿಲಿನಿಂದ ಬಿದ್ದು ನಿಶಾಂತರ ಬಲಭುಜ ಕೀಲು ತಪ್ಪಿತು, ಒಳಗೆ ಸರಳು ಹಾಕಬೇಕಾಯಿತು. ಚಿಕ್ಕಪ್ಪನೊಬ್ಬರು ಬಾಕ್ಸರ್. ಅವರನ್ನು ನೋಡಿ 2012ರ ಸುಮಾರಿಗೆ ನಿಶಾಂತರೂ ಗ್ಲೌಸ್ ತೊಟ್ಟರು. 2019ರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕದ ಪರ ಆಡುತ್ತಿದ್ದ ಈ ಹುಡುಗನ ಮೇಲೆ ಭಾರತ ತಂಡದ ತರಬೇತಿ ಹೊತ್ತಿದ್ದ ಸಾಂಟಿಯಾಗೊ ನಿಯೆವಾ ಅವರ ಕಣ್ಣು ಬಿತ್ತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅವರ ತರಬೇತಿಯ ನೆಲೆಯಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಅದೇ ಅಂಗಳದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು, ನಿಶಾಂತ್ ಕರ್ನಾಟಕಕ್ಕೆ ಚಿನ್ನ ಗೆದ್ದರು. ಗಣಿ ದೂಳಿನ ಬಳ್ಳಾರಿ ಸೀಮೆಯಲ್ಲಿ ದೇಶದ ದೊಡ್ಡ ಬಾಕ್ಸಿಂಗ್ ಕೂಟ ನಡೆದದ್ದನ್ನು ನಮ್ಮವರು ಸಾಕಷ್ಟು ಗಮನಿಸಲೇ ಇಲ್ಲ ಎಂಬುದು ನನ್ನ ಬೇಸರ.

ಆ ವರ್ಷವೇ ಬೆಲ್‌ಗ್ರೇಡ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್, ಕ್ವಾರ್ಟರ್ ಫೈನಲ್‌ವರೆಗೆ. 2022ರಲ್ಲಿ ಹಳೆಯ ಸರಳಿನ ಜಾಗದಲ್ಲಿ ಸೋಂಕು, ಮತ್ತೆ ಶಸ್ತ್ರಚಿಕಿತ್ಸೆ, ವರ್ಷದ ಬಹುಭಾಗ ರಿಂಗ್‌ನಿಂದ ದೂರ. ಇಪ್ಪತ್ತೆರಡು ತುಂಬುವ ಮೊದಲೇ ಆಟ ಮುಗಿಯಿತೇನೋ ಎಂಬಂಥ ಹೊತ್ತು ಅದು. 2023ರ ಮೇ ತಿಂಗಳಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು ಬಂದರು. ನಮ್ಮ ಪಕ್ಕದ ತೆಲಂಗಾಣದ ನಿಜಾಮಾಬಾದಿನ ಮೊಹಮ್ಮದ್ ಹುಸಾಮುದ್ದೀನ್ ಕೂಡ ಅದೇ ಕೂಟದಲ್ಲಿ ಕಂಚು ಗೆದ್ದವರು.

ಒಲಿಂಪಿಕ್ಸ್‌ನ ಬಾಗಿಲು ಅವರಿಗೆ ಸಲೀಸಾಗಿ ತೆರೆಯಲಿಲ್ಲ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸೋತರು. 2024ರ ಮಾರ್ಚ್‌ನಲ್ಲಿ ಇಟಲಿಯ ಅರ್ಹತಾ ಕೂಟದಲ್ಲಿ ಇನ್ನೊಂದೇ ಗೆಲುವು ಬೇಕಿದ್ದಾಗ ಅಮೆರಿಕದ ಒಮಾರಿ ಜೋನ್ಸ್ ಎದುರು ಸೋತರು. ಎರಡು ತಿಂಗಳ ಬಳಿಕ ಬ್ಯಾಂಕಾಕ್‌ನಲ್ಲಿ ಮಾಲ್ಡೋವಾದ ವಾಸಿಲೆ ಚೆಬೊತಾರಿಯನ್ನು ಐದಕ್ಕೆ ಐದೂ ಜಡ್ಜ್‌ಗಳ ತೀರ್ಪಿನಿಂದ ಸೋಲಿಸಿ ಪ್ಯಾರಿಸ್ ಟಿಕೆಟ್ ಪಡೆದರು. ಭಾರತದ ಗಂಡಸರಲ್ಲಿ ಆ ಸಲ ಮೊದಲು ಅರ್ಹತೆ ಪಡೆದವರು ಅವರೇ. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದವರು ಮೆಕ್ಸಿಕೊದ ಮಾರ್ಕೊ ವೆರ್ಡೆ. ಬೆಲ್‌ಗ್ರೇಡ್‌ನಲ್ಲಿ ನಿಶಾಂತ್ ಗೆದ್ದಿದ್ದು ಇದೇ ವೆರ್ಡೆಯ ಮೇಲೆ. ಮೊದಲ ಸುತ್ತು ನಿಶಾಂತರ ಪಾಲಾಯಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ದಣಿವು ಕಾಣಿಸಿತು. ಜಡ್ಜ್‌ಗಳು 4–1ರಿಂದ ವೆರ್ಡೆಗೆ ಪಂದ್ಯ ಕೊಟ್ಟರು. ತೀರ್ಪು ತಪ್ಪೆಂದು ನಮ್ಮ ದೇಶದಲ್ಲಿ ಹಲವರು ದನಿ ಎತ್ತಿದರು. ಗೆದ್ದಿದ್ದರೆ ಕಂಚಂತೂ ಖಚಿತವಿತ್ತು.

ಅದಾಗಿ ಐದಾರು ತಿಂಗಳಿಗೆ, 2025ರ ಜನವರಿ 25ರಂದು, ಲಾಸ್ ವೇಗಸ್‌ನಲ್ಲಿ ನಿಶಾಂತ್ ವೃತ್ತಿಪರ ಬಾಕ್ಸರ್ ಆಗಿ ಮೊದಲ ಪಂದ್ಯ ಆಡಿದರು. ಎದುರಾಳಿ ಅಮೆರಿಕದ ಆಲ್ಟನ್ ವಿಗಿನ್ಸ್. ಮೊದಲ ಸುತ್ತಿನಲ್ಲೇ ರೆಫರಿ ಪಂದ್ಯ ನಿಲ್ಲಿಸಿ ನಿಶಾಂತರ ಕೈ ಎತ್ತಿದರು. ಹುಡುಗರ ಫೋನಿನಲ್ಲಿ ಓಡಾಡಿದ್ದು ಈ ಮೂರು ನಿಮಿಷದೊಳಗಿನ ತುಣುಕು. ಅದರ ಹಿಂದೆ ಇದ್ದದ್ದು ಹನ್ನೆರಡು ವರ್ಷದ ಹವ್ಯಾಸಿ ಬದುಕು, ಎರಡು ಸಲ ಕೊಯ್ಯಿಸಿಕೊಂಡ ಭುಜ, ಹಲವು ಊರುಗಳ ಸೋಲು. ಅಷ್ಟೂ ಇಲ್ಲದೆ ಆ ಮೂರು ನಿಮಿಷ ಇಲ್ಲ.

ಹವ್ಯಾಸಿ ಪಂದ್ಯಗಳಲ್ಲಿ ಎಷ್ಟು ಮಾಗಿದ್ದರೂ ವೃತ್ತಿಪರ ರಿಂಗ್‌ನ ಮೊದಲ ಪಾಠ ಕಹಿಯಾಗಿರಬಹುದು. ಉಕ್ರೇನಿನ ವಾಸಿಲ್ ಲೊಮಾಚೆಂಕೊ 2008ರಲ್ಲಿ ಬೀಜಿಂಗ್‌ನಲ್ಲೂ 2012ರಲ್ಲಿ ಲಂಡನ್‌ನಲ್ಲೂ ಒಲಿಂಪಿಕ್ ಚಿನ್ನ ಗೆದ್ದವರು. ಲಂಡನ್ನಿನದು ಲೈಟ್‌ವೆಯ್ಟ್ ಚಿನ್ನ. ಹವ್ಯಾಸಿಯಾಗಿ ಅವರ ಲೆಕ್ಕ 396 ಗೆಲುವು, ಒಂದೇ ಸೋಲು. ಅಂಥವರು ವೃತ್ತಿಪರರಾಗಿ ತಮ್ಮ ಎರಡನೆಯ ಪಂದ್ಯದಲ್ಲೇ, 2014ರ ಮಾರ್ಚ್‌ನಲ್ಲಿ, ಮೆಕ್ಸಿಕೊದ ಒರ್ಲಾಂಡೊ ಸಾಲಿಡೊ ಎಂಬ ಹಳೆಯ ಹುಲಿಯ ಕೈಯಲ್ಲಿ ಸೋತರು. ಮೈಗೆ ಮೈ ತಾಗಿಸಿ, ಒತ್ತಿ, ಸೊಂಟದ ಆಸುಪಾಸಿಗೆ ಬಡಿದು ದಣಿಸುವ ವಿದ್ಯೆ ಹವ್ಯಾಸಿ ರಿಂಗ್‌ನಲ್ಲಿ ಅವರಿಗೆ ಅಷ್ಟಾಗಿ ಎದುರಾಗಿರಲಿಲ್ಲ. ನಾಲ್ಕು ತಿಂಗಳೊಳಗೆ ಅವರು ಫೆದರ್‌ವೆಯ್ಟ್ ವಿಶ್ವ ಪಟ್ಟ ಗೆದ್ದರು, 2018ರಲ್ಲಿ ಲೈಟ್‌ವೆಯ್ಟ್ ಪಟ್ಟವನ್ನೂ. ಆ ಚೇತರಿಕೆಗೆ 397 ಪಂದ್ಯಗಳ ಗಂಟು ಬೆನ್ನಿಗಿತ್ತು. ತಾಲ್ಲೂಕು ಮಟ್ಟದಲ್ಲಿ ನಾಲ್ಕು ಪಂದ್ಯ ಆಡಿದ ಹುಡುಗನ ಬೆನ್ನಿಗೆ ಏನಿರುತ್ತದೆ?

ನಮ್ಮ ದೇಶದಲ್ಲಿ ನಿಜವಾದ ಲೈಟ್‌ವೆಯ್ಟ್ ಒಬ್ಬರು ಈ ದಾರಿಯಲ್ಲಿ ಹೋಗಿ ಹಿಂದಿರುಗಿದ್ದಾರೆ. ಮಣಿಪುರದ ಎಲ್. ಸರಿತಾ ದೇವಿ. 2006ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದವರು. ಆಗ ಅವರ ತೂಕ ವಿಭಾಗ ಇನ್ನೂ ಕೆಳಗಿನದು. ಮಗುವಿನ ತಾಯಿಯಾದ ಮೇಲೆ ಮತ್ತೆ ರಿಂಗ್‌ಗೆ ಬಂದು 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 60 ಕಿಲೋ ವಿಭಾಗದ ಬೆಳ್ಳಿ ಗೆದ್ದರು. ಅದೇ ವರ್ಷ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಆತಿಥೇಯ ಕೊರಿಯಾದ ಪಾರ್ಕ್ ಜಿ-ನಾ ಎದುರು ಅವರಿಗೆ ಬಂದ ಸೋಲಿನ ತೀರ್ಪನ್ನು ನಾನು ಇವತ್ತಿಗೂ ಒಪ್ಪಿಲ್ಲ. ಪದಕ ಕೊಡುವ ವೇದಿಕೆಯ ಮೇಲೆ ಸರಿತಾ ಅಳುತ್ತ ತಮ್ಮ ಕಂಚನ್ನು ತೆಗೆದು ಆ ಕೊರಿಯಾದ ಹುಡುಗಿಯ ಕೊರಳಿಗೆ ಹಾಕಿದರು. ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಸರಿತಾರನ್ನು ಒಂದು ವರ್ಷ ಹೊರಗಿಟ್ಟಿತು. 2017ರ ಜನವರಿಯಲ್ಲಿ ತಮ್ಮೂರು ಇಂಫಾಲದಲ್ಲೇ, ತಮ್ಮವರ ಎದುರಿಗೇ, ವೃತ್ತಿಪರ ಪಂದ್ಯ ಆಡಿ ಹಂಗೆರಿಯ ಅನುಭವಿ ಬಾಕ್ಸರ್ ಸೋಫಿಯಾ ಬೆಡೊ ಅವರನ್ನು ಸೋಲಿಸಿದರು. ಆದರೆ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ವೃತ್ತಿಪರ ಪಂದ್ಯಗಳು ಸಾಲಾಗಿ ಸಿಗುವ ವ್ಯವಸ್ಥೆ ಎಲ್ಲಿತ್ತು? ಅವರು ಹವ್ಯಾಸಿ ಬಾಕ್ಸಿಂಗ್‌ಗೇ ಮರಳಿದರು. 2018ರಲ್ಲಿ ದೆಹಲಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಐರ್ಲೆಂಡಿನ ಕೆಲ್ಲಿ ಹ್ಯಾರಿಂಗ್ಟನ್ ಎದುರು ಅವರು ಸೋತದ್ದು ಕೂದಲೆಳೆಯಲ್ಲಿ, 3–2ರಿಂದ.

ಆ ಹ್ಯಾರಿಂಗ್ಟನ್ ಯಾರು ಗೊತ್ತೇ? ಆ ಸಲದ ವಿಶ್ವ ಚಾಂಪಿಯನ್. ಮುಂದೆ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಲೈಟ್‌ವೆಯ್ಟ್ ಚಿನ್ನ ಗೆದ್ದವರು. ಡಬ್ಲಿನ್‌ನ ಒಂದು ಮಾನಸಿಕ ಆರೋಗ್ಯ ಆಸ್ಪತ್ರೆಯಲ್ಲಿ ಸ್ವಚ್ಛತಾ ಕೆಲಸ ಮಾಡುತ್ತಲೇ ಒಲಿಂಪಿಕ್ಸ್‌ಗೆ ಹೋಗಿ ಬಂದವರು, ವೃತ್ತಿಪರ ಬಾಕ್ಸಿಂಗ್‌ಗೆ ಹೋಗದೆ ಹವ್ಯಾಸಿಯಾಗಿಯೇ ಉಳಿದವರು. ಅದೇ ಐರ್ಲೆಂಡಿನ ಕೇಟಿ ಟೇಲರ್ 2012ರ ಲಂಡನ್ ಚಿನ್ನದ ಬಳಿಕ 2016ರಲ್ಲಿ ವೃತ್ತಿಪರರಾಗಿ, 2019ರ ಹೊತ್ತಿಗೆ ಲೈಟ್‌ವೆಯ್ಟ್‌ನ ನಾಲ್ಕೂ ವಿಶ್ವ ಪಟ್ಟಗಳನ್ನು ಒಬ್ಬರೇ ಹಿಡಿದರು. ಒಂದೇ ದೇಶ, ಒಂದೇ ತೂಕ, ಎರಡು ಬದುಕು. ಎರಡರಲ್ಲೂ ನನಗೆ ಗೌರವವಿದೆ. ಆದರೆ ನಮ್ಮ ಹುಡುಗ ಹುಡುಗಿಯರ ಮುಂದೆ ಹ್ಯಾರಿಂಗ್ಟನ್ ಹೆಸರನ್ನು ಯಾರೂ ಹೇಳುವುದಿಲ್ಲವಲ್ಲ ಎಂಬುದು ನನ್ನ ಕೊರಗು. ಕೆಲಸ ಮಾಡಿಕೊಂಡು, ಮನೆಯವರ ಜೊತೆ ಇದ್ದುಕೊಂಡು ಲೋಕದ ಮೊದಲಿಗರಾಗಬಹುದು ಎಂಬುದಕ್ಕೆ ಅವರಿಗಿಂತ ಸಾಕ್ಷಿ ಬೇಕೇ?

ಇನ್ನು ಆ ತಾಯಿಯ ಭಯದ ಮಾತು. ಅಮ್ಮಾ, ಮುರಿದ ಮೂಗನ್ನು ವೈದ್ಯರು ಕೂಡಿಸುತ್ತಾರೆ. ಹೆದರಬೇಕಾದದ್ದು ತೂಕ ಇಳಿಸುವ ಹುಚ್ಚಿಗೆ, ತಲೆಯೊಳಗಿನ ಪೆಟ್ಟಿಗೆ.

ಪಂದ್ಯಕ್ಕೆ ಮುಂಚೆ ತೂಕ ಇಳಿಸುವ ಹುಡುಗರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಉರಿಬಿಸಿಲಲ್ಲಿ ಎರಡು ಸ್ವೆಟರು ತೊಟ್ಟು ಓಟ. ತುಟಿ ಒಡೆದಿರುತ್ತದೆ. ನೀರು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗಿಯುತ್ತಾರೆ, ನುಂಗುವುದಿಲ್ಲ. ತೂಕದ ಯಂತ್ರದ ಮೇಲೆ ಒಳಚಡ್ಡಿಯಲ್ಲಿ ನಿಂತು, ಮುಳ್ಳು ನೂರು ಗ್ರಾಂ ಹೆಚ್ಚು ತೋರಿಸಿದರೆ ಇಳಿದು ಮತ್ತೆ ಓಡುತ್ತಾರೆ. ಹವ್ಯಾಸಿ ಕೂಟಗಳಲ್ಲಿ ಪಂದ್ಯವಿರುವ ದಿನ ಬೆಳಿಗ್ಗೆಯೇ ತೂಕ ನೋಡುವುದರಿಂದ ತೀರಾ ಅತಿಗೆ ಹೋಗಲಾಗುವುದಿಲ್ಲ. ವೃತ್ತಿಪರರಿಗೆ ಹಿಂದಿನ ದಿನವೇ ತೂಕ, ಆದ್ದರಿಂದ ಹಿಂಡುವುದೂ ಹೆಚ್ಚು. ನೀರು ಬತ್ತಿದ ಮೈಯಲ್ಲಿ ಪೆಟ್ಟು ತಿಂದರೆ ಮಿದುಳಿಗೆ ಅಪಾಯ ಹೆಚ್ಚು ಎಂದು ವೈದ್ಯರು ಎಚ್ಚರಿಸುತ್ತಲೇ ಬಂದಿದ್ದಾರೆ. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಲೈಟ್‌ವೆಯ್ಟ್ ವಿಶ್ವ ಪಟ್ಟಕ್ಕಾಗಿ ಕೊರಿಯಾದ ಕಿಮ್ ಡುಕ್-ಕೂ ಅಮೆರಿಕದ ರೇ ಮ್ಯಾನ್ಸಿನಿಯ ಎದುರು ಕಾದಾಡಿದರು. ಆ ಪಂದ್ಯಕ್ಕಾಗಿ ತೂಕ ಇಳಿಸಲು ಅವರು ಬಹಳ ಹೆಣಗಿದ್ದರು. ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಹದಿನೈದು ಸುತ್ತಿನ ಪಟ್ಟದ ಪಂದ್ಯ ಹನ್ನೆರಡಕ್ಕೆ ಇಳಿದದ್ದು ಆ ಸಾವಿನ ನಂತರ.

ಇದು ದೂರದ ಮಾತಲ್ಲ. 2022ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ಬಿದ್ದು ಮೈಸೂರಿನ ಯುವಕನೊಬ್ಬ ಪ್ರಾಣ ಬಿಟ್ಟ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಬೆಳೆದ ಮಗ. ಆ ಮನೆಯ ದುಃಖವನ್ನು ಮಾತಿನಲ್ಲಿ ಹೇಳಲಾಗದು.

ಹಾಗಾದರೆ ನಮ್ಮ ಸೀಮೆಯ ಹುಡುಗ ಏನು ಮಾಡಬೇಕು? 2007ರವರೆಗೆ ನಮ್ಮ ಚಿಕ್ಕಬಳ್ಳಾಪುರವೂ ಸೇರಿದ್ದ ಹಳೆಯ ಕೋಲಾರ ಜಿಲ್ಲೆಯಲ್ಲೇ, ಕೆ.ಜಿ.ಎಫ್. ಗಣಿಗಳ ಕಾಲದಲ್ಲಿ ಬಾಕ್ಸಿಂಗ್ ಪಂದ್ಯ ಎಂದರೆ ಜನ ಸೇರುತ್ತಿದ್ದರು. ಅಂದರೆ ಈ ಆಟ ನಮಗೆ ಪರಕೀಯವಲ್ಲ. ಚಿಂತಾಮಣಿಯಲ್ಲಿ ಝಾನ್ಸಿ ಕ್ರೀಡಾಂಗಣವಿದೆ, ಚಿಕ್ಕಬಳ್ಳಾಪುರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಿದೆ. ಬಾಕ್ಸಿಂಗ್ ಕಲಿಸಲು ದೊಡ್ಡ ಕಟ್ಟಡ ಬೇಡ. ನಾಲ್ಕು ಕಂಬ, ಹಗ್ಗ, ಕೆಳಗೆ ದಪ್ಪ ಹಾಸು, ತೂಗುಹಾಕಲು ಎರಡು ಚೀಲ, ಮತ್ತು ಪರೀಕ್ಷೆ ಮುಗಿಸಿ ಪ್ರಮಾಣಪತ್ರ ಪಡೆದ ಒಬ್ಬ ತರಬೇತುದಾರ. ಈ ಕೊನೆಯದರಲ್ಲಿ ರಾಜಿ ಕೂಡದು. ಇನ್ನೂ ಚಿಕ್ಕವರಾಗಿದ್ದರೆ ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳು 8ರಿಂದ 14 ವರ್ಷದ ಮಕ್ಕಳನ್ನು ಆಯ್ದುಕೊಂಡು ಊಟ, ವಸತಿ, ಓದು, ಆಟ ಎಲ್ಲವನ್ನೂ ನೋಡಿಕೊಳ್ಳುತ್ತವೆ. ನಮ್ಮ ದೇಶದ ಎಷ್ಟೋ ಬಾಕ್ಸರ್‌ಗಳು ಮೇಲೆ ಬಂದದ್ದು ಸೇನೆಯ ನೆರಳಿನಲ್ಲೇ.

ತಂದೆ ತಾಯಂದಿರಿಗೆ ನನ್ನದೊಂದು ಕೋರಿಕೆ. ಯಾರಾದರೂ ಬಂದು, "ನಿಮ್ಮ ಹುಡುಗನ್ನ ಫೈಟ್‌ಗೆ ಕಳ್ಸಿ, ಗೆದ್ರೆ ಇಷ್ಟು ಸಾವಿರ" ಎಂದು ಪೋಸ್ಟರ್ ತೋರಿಸಿದರೆ, ಮೊದಲು ಹುಡುಗನ ದಾಖಲೆ ಪುಸ್ತಕ ಎಲ್ಲಿದೆ ಎಂದು ಕೇಳಿ. ಆಡಿದ ಪ್ರತಿ ಪಂದ್ಯ, ತಿಂದ ಪೆಟ್ಟು, ವೈದ್ಯರ ರುಜು ಅದರಲ್ಲಿ ಇರಬೇಕು. ಹವ್ಯಾಸಿ ಬಾಕ್ಸಿಂಗ್‌ನ ನಿಯಮದಲ್ಲಿ, ತಲೆಗೆ ಬಿದ್ದ ಪೆಟ್ಟಿನಿಂದ ಒಮ್ಮೆ ನಾಕ್‌ಔಟ್ ಆದವನು ಕನಿಷ್ಠ 30 ದಿನ ರಿಂಗ್ ಹತ್ತುವಂತಿಲ್ಲ, ಅಭ್ಯಾಸಕ್ಕೂ ಸಹ. ಮೂರು ತಿಂಗಳಲ್ಲಿ ಎರಡು ಸಲ ಆದರೆ 90 ದಿನ. ವರ್ಷದಲ್ಲಿ ಮೂರು ಸಲ ಆದರೆ ಒಂದು ವರ್ಷ. ಪೋಸ್ಟರ್ ತಂದವರಿಗೆ ಈ ನಿಯಮ ಗೊತ್ತಿಲ್ಲದಿದ್ದರೆ ಬಾಗಿಲಿಂದಲೇ ಕಳಿಸಿಬಿಡಿ. ಗೊತ್ತಿದ್ದರೂ, ಪಂದ್ಯದ ದಿನ ರಿಂಗ್ ಪಕ್ಕದಲ್ಲಿ ವೈದ್ಯರು ಕೂತಿರುವುದನ್ನು, ಹೊರಗೆ ಆಂಬುಲೆನ್ಸ್ ಡ್ರೈವರ್ ಸಮೇತ ನಿಂತಿರುವುದನ್ನು ನೀವೇ ಹೋಗಿ ನೋಡಿದ ಮೇಲೆ ಮಗನ ಕೈಗೆ ಪಟ್ಟಿ ಸುತ್ತಲು ಬಿಡಿ.